ಹಿಟ್ಟು ಬಿತ್ತಾ, ಚಕ್ಕೆ ಬಿತ್ತಾ? ಮನೆ ಸೌದೆಗೆ ಚೈನ್ ಸಾ ಹಿಡಿಯುವವರಿಗೆ

ಹೋದ ವಾರ ಪಕ್ಕದ ಮನೆ ಚಿಕ್ಕಪ್ಪ ಫೋನ್ ಮಾಡಿದ್ದರು. "ಮಿಷನ್ ಕೆಟ್ಟೋಯ್ತು ಮಾರಾಯ. ಎಷ್ಟು ರೇಸ್ ಮಾಡಿದ್ರೂ ಮರದೊಳಗೆ ಇಳಿಯೋದೇ ಇಲ್ಲ, ಹೊಗೆ ಬೇರೆ ಬರ್ತಾ ಇದೆ. ಇನ್ನು ಹೊಸದು ತಗೊಳ್ಳೋದೇ ಸೈ" ಎಂದರು. ಹೋಗಿ ನೋಡಿದೆ. ಅಂಗಳದ ಮೂಲೆಯಲ್ಲಿ ಒಂದು ಅಕೇಶಿಯಾ ದಿಮ್ಮಿ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಅರ್ಧ ಕೊಯ್ದ ಜಾಗದ ಕೆಳಗೆ ಅಕ್ಕಿ ಹಿಟ್ಟಿನಂಥ ನುಣ್ಣನೆ ಪುಡಿ ಬಿದ್ದಿತ್ತು. ಗೀರಿನ ಒಳಗೆ ಮರ ಸುಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಹೊಗೆ ಬಂದಿದ್ದು ಇಂಜಿನ್‌ನಿಂದ ಅಲ್ಲ, ಮರದಿಂದ. ಚೈನಿನ ಹಲ್ಲು ಮುಟ್ಟಿ ನೋಡಿದರೆ ಊಟದ ಚಮಚದ ಅಂಚಿನ ಹಾಗೆ ಗುಂಡಗಾಗಿತ್ತು.

ಅಲ್ಲೇ ಜಗಲಿ ಮೇಲೆ ಕೂತು ಒಂದು ಸುತ್ತು ಅರ ಹಾಕಿದೆ. ಇಪ್ಪತ್ತು ನಿಮಿಷ ಆಗಿರಬಹುದು. ಆಮೇಲೆ ಅದೇ ದಿಮ್ಮಿಗೆ ಅದೇ ಮಿಷನ್ ಇಟ್ಟಾಗ ತನ್ನ ಭಾರಕ್ಕೆ ತಾನೇ ಇಳಿಯಿತು. ಕೆಳಗೆ ಬಿದ್ದಿದ್ದು ಹಿಟ್ಟಲ್ಲ, ಗಟ್ಟಿ ಅವಲಕ್ಕಿಯಂಥ ಚಕ್ಕೆ. ಚಿಕ್ಕಪ್ಪ ಅದನ್ನು ಕೈಯಲ್ಲಿ ಹಿಡಿದು ನೋಡಿದರು. ಹೊಸ ಮಿಷನ್ ಮಾತು ಮತ್ತೆ ಎತ್ತಲಿಲ್ಲ.

ನಮ್ಮ ಕಡೆ, ಅಂದರೆ ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ, ಈಗ ಹೆಚ್ಚೂಕಡಿಮೆ ಎಲ್ಲರ ಮನೆಯಲ್ಲೂ ಒಂದು ಚೈನ್ ಸಾ ಇದೆ. ಬಚ್ಚಲ ಹಂಡೆಗೆ ಒಂದೂವರೆ ಅಡಿ ತುಂಡು ಬೇಕು, ಅಡಿಕೆ ಬೇಯಿಸುವ ಒಲೆಗೆ ಉದ್ದದ ಸೌದೆ ಬೇಕು, ಮಳೆ ಹಿಡಿಯುವ ಮೊದಲು ಸೌದೆ ಕೊಟ್ಟಿಗೆ ಸೂರಿನವರೆಗೆ ತುಂಬಬೇಕು. ಆಳು ಸಿಗುವುದಿಲ್ಲ, ಹಾಗಾಗಿ ಮಿಷನ್ ಬಂತು. ಆದರೆ ಮಿಷನ್ ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಸಿಸಿ, ಬಾರ್ (ಚೈನು ಸುತ್ತುವ ಉದ್ದದ ಉಕ್ಕಿನ ಪಟ್ಟಿ) ಎಷ್ಟು ಇಂಚು, ರೇಟ್ ಎಷ್ಟು ಅಂತ. ಚೈನಿನ ಬಗ್ಗೆ ಯಾರೂ ಕೇಳುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ. ಮರ ಕೊಯ್ಯುವುದು ಇಂಜಿನ್ ಅಲ್ಲ, ಚೈನು. ಇಂಜಿನ್ ಅದನ್ನು ತಿರುಗಿಸುತ್ತದೆ, ಅಷ್ಟೇ.

ಮೊದಲು ಚೈನ್ ಆಯ್ಕೆ. ಇಲ್ಲಿ ಮೂರು ಅಳತೆ ಗೊತ್ತಿರಬೇಕು: ಪಿಚ್, ಗೇಜ್, ಡ್ರೈವ್ ಲಿಂಕ್ ಎಷ್ಟು ಅನ್ನುವ ಲೆಕ್ಕ. ಬಾರ್ ಎಷ್ಟು ಇಂಚು ಅನ್ನುವುದೊಂದನ್ನೇ ಹೇಳಿ ಚೈನ್ ತರಬೇಡಿ. ನಾನು ಹಾಗೆ ತಂದೇ ಒಂದು ಬಾರ್ ಕಳೆದುಕೊಂಡೆ. ಆ ಕಥೆ ಹೇಳಿಬಿಡುತ್ತೇನೆ.

ಆಗ ನನ್ನ ಹತ್ತಿರ 22 ಇಂಚಿನ ಬಾರ್ ಇತ್ತು. ಚೈನು ಸವೆದು ಹೋಗಿತ್ತು. ಪೇಟೆಗೆ ಹೋದಾಗ ಒಂದು ಅಂಗಡಿಯಲ್ಲಿ "22 ಇಂಚಿಗೆ ಚೈನ್ ಕೊಡಿ" ಎಂದೆ, ಕೊಟ್ಟರು. ತಂದು ಹಾಕಿದೆ. ಸರಿಯಾಗಿ ಕೂತಿತು, ತಿರುಗಿತು, ಮರಕ್ಕೂ ಇಳಿಯಿತು. ಆದರೆ ಅರ್ಧ ಇಳಿದ ಮೇಲೆ ಗೀರು ಬಲಕ್ಕೆ ವಾಲಲು ಶುರುವಾಯಿತು, ತುಂಡಿನ ಮುಖ ಬಾಳೆಹಣ್ಣಿನ ಹಾಗೆ ಬಾಗಿ ಬರುತ್ತಿತ್ತು. ಹಲ್ಲಿನ ತಪ್ಪು ಅಂದುಕೊಂಡು ಅರ ಹಾಕಿದೆ, ಮತ್ತೆ ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ. ನಮ್ಮೂರಿಗೆ ಮರ ಕೊಯ್ಯಲು ಬರುವ ಅಣ್ಣ ಒಬ್ಬರಿದ್ದಾರೆ, ಮೊದಲು ಇಬ್ಬರು ಎಳೆಯುವ ಗರಗಸ, ಆಮೇಲೆ ಮಿಷನ್ ಅಂತ ಮೂವತ್ತು ವರ್ಷದಿಂದ ಇದೇ ಕೆಲಸ. ಅವರು ಬಾರ್ ಮೇಲಿದ್ದ ಚೈನನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಈಚೆ ಅಲ್ಲಾಡಿಸಿದರು. ಸಡಿಲ ಹಲ್ಲು ಅಲ್ಲಾಡುವ ಹಾಗೆ ಅಲ್ಲಾಡಿತು. "ಅಯ್ಯಾ, ಇದು ಈ ಬಾರಿನ ಚೈನೇ ಅಲ್ಲ" ಎಂದರು. ನನ್ನ ಬಾರಿನ ಅಂಚಿನಲ್ಲಿ ಚೈನು ಕೂರುವ ಕಾಲುವೆ 0.058 ಇಂಚಿನದ್ದು, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್. ಅಂಗಡಿಯಲ್ಲಿ ಕೊಟ್ಟಿದ್ದು 0.050 ಇಂಚಿನ ಚೈನು, ಅಂದರೆ 1.3 ಮಿಲಿಮೀಟರ್. ಅಷ್ಟು ಸಣ್ಣ ಸಂದಿನಲ್ಲೇ ಚೈನು ವಾಲಿಕೊಂಡು ತಿರುಗುತ್ತಾ ಬಾರಿನ ಒಂದು ಬದಿಯನ್ನು ತಿಂದು ಹಾಕಿತ್ತು. ಆ ಬಾರ್ ಮತ್ತೆ ಉಪಯೋಗಕ್ಕೆ ಬರಲಿಲ್ಲ.

ಈ 0.058 ಅನ್ನುವುದೇ ಗೇಜ್. ಚೈನಿನ ಕೆಳಗೆ ಬಾರಿನ ಕಾಲುವೆಯೊಳಗೆ ಓಡುವ ಪಟ್ಟಿಗಳಿವೆಯಲ್ಲ, ಅವೇ ಡ್ರೈವ್ ಲಿಂಕ್. ಅವುಗಳ ದಪ್ಪವೇ ಗೇಜ್. 0.043, 0.050, 0.058, 0.063 ಹೀಗೆ ನಾಲ್ಕು ಸಿಗುತ್ತವೆ. ಪಿಚ್ ಅಂದರೆ ಒಂದರ ಪಕ್ಕ ಒಂದು ಇರುವ ಮೂರು ರಿವೆಟ್ (ಚೈನಿನ ಕೊಂಡಿಗಳನ್ನು ಜೋಡಿಸಿದ ಗುಂಡು ಮೊಳೆ) ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು, ಎರಡರಿಂದ ಭಾಗಿಸಿದಾಗ ಬರುವ ಅಳತೆ. ಮೂರು ರಿವೆಟ್ ನಡುವೆ ಹದಿನಾರೂವರೆ ಮಿಲಿಮೀಟರ್ ಬಂದರೆ ಅದು 0.325 ಇಂಚಿನ ಚೈನು. ಹದಿನೆಂಟೂವರೆ ಚಿಲ್ಲರೆ ಬಂದರೆ 3/8 ಇಂಚಿನದ್ದು. ಸಣ್ಣ ಮಿಷನ್‌ಗಳಿಗೆ ಬರುವುದು 3/8ರಲ್ಲೇ ಗಿಡ್ಡ ಹಲ್ಲಿನ ಲೋ ಪ್ರೊಫೈಲ್. ಈ ಅಳತೆಗಳನ್ನು ಬಾರಿನ ಬುಡದಲ್ಲೇ ಕೊರೆದಿರುತ್ತಾರೆ, ಎಣ್ಣೆ ಮಸಿ ಒರೆಸಿದರೆ ಕಾಣುತ್ತದೆ. ಡ್ರೈವ್ ಲಿಂಕ್‌ಗಳನ್ನು ಮಾತ್ರ ಕೂತು ಒಂದೊಂದಾಗಿ ಎಣಿಸಿ. ಮೂರನ್ನೂ ಬರೆದು ಮಿಷನ್ ಮೈಗೆ ಅಂಟಿಸಿಡಿ, ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಹಳೇ ಚೈನನ್ನೂ ಜೊತೆಗೆ ಒಯ್ಯಿರಿ.

ಆ ಬಾರ್ ಹೋದ ಮೇಲೆ ನಾನು 18 ಇಂಚಿಗೆ ಇಳಿದೆ. 0.325 ಪಿಚ್, 0.058 ಗೇಜ್, 72 ಲಿಂಕ್. ಮನೆ ಸೌದೆಗೆ ಇದೇ ಧಾರಾಳ. ದೊಡ್ಡ ಬಾರ್ ಇದ್ದರೆ ಚೆಂದ ಅನಿಸುತ್ತದೆ ನಿಜ, ಆದರೆ ಲೆಕ್ಕ ಹಾಕಿ ನೋಡಿ: 72 ಲಿಂಕಿನ ಚೈನಿಗೆ 36 ಹಲ್ಲು, ಹಿಂದಿನ 86 ಲಿಂಕಿನದ್ದಕ್ಕೆ 43. ಪ್ರತಿ ಸಲ ಅರ ಹಾಕುವಾಗ ಏಳು ಹಲ್ಲು ಕಡಿಮೆ, ಇಂಜಿನ್ ಎಳೆಯಬೇಕಾದ ಭಾರ ಕಡಿಮೆ, ಬಾರಿನ ಮೂತಿ ಹಿಂದಿನ ಕೊರಡಿಗೆ ತಾಗಿ ಮಿಷನ್ ಮುಖಕ್ಕೆ ಎಗರುವ ಅಪಾಯವೂ ಕಡಿಮೆ.

ಇನ್ನು ಹಲ್ಲಿನ ಆಕಾರ. ಫುಲ್ ಚಿಸೆಲ್ ಅಂತ ಒಂದು ಬರುತ್ತದೆ, ಮೂಲೆ ಚೌಕಾಗಿ ಚೂಪಾಗಿರುತ್ತದೆ. ಶುಚಿಯಾದ ಹಸಿ ಮರಕ್ಕೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ. ಆದರೆ ಒಂದು ಸಲ ಮಣ್ಣು ತಾಗಿತು ಅಂದರೆ ಮುಗಿಯಿತು. ಸೆಮಿ ಚಿಸೆಲ್‌ನ ಮೂಲೆ ಸ್ವಲ್ಪ ಗುಂಡಗಿರುತ್ತದೆ. ಸ್ವಲ್ಪ ನಿಧಾನ, ಆದರೆ ಹರಿತ ಜಾಸ್ತಿ ಹೊತ್ತು ನಿಲ್ಲುತ್ತದೆ, ಅರ ಹಾಕುವಾಗ ಸಣ್ಣಪುಟ್ಟ ತಪ್ಪಾದರೂ ತಡೆದುಕೊಳ್ಳುತ್ತದೆ. ನಮ್ಮದು ಗುಡ್ಡದಿಂದ ಎಳೆದು ತಂದ ದಿಮ್ಮಿ, ಸಿಪ್ಪೆ ತುಂಬಾ ಕೆಮ್ಮಣ್ಣು. ನನ್ನನ್ನು ಕೇಳಿದರೆ ಮನೆ ಸೌದೆಗೆ ಸೆಮಿ ಚಿಸೆಲ್ ಬಿಟ್ಟು ಬೇರೆ ಯೋಚನೆ ಬೇಡ.

ಈ ಹಲ್ಲಿನ ಹಿಂದೆ ಒಂದು ಕಥೆ ಇದೆ, ನನಗೆ ತುಂಬಾ ಇಷ್ಟವಾದದ್ದು. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಅನ್ನುವವರು ಸೌದೆ ಒಡೆಯುತ್ತಿದ್ದಾಗ, ಒಂದು ಬೊಡ್ಡೆಯೊಳಗೆ ಬೆರಳು ಗಾತ್ರದ ಕೊರಕ ಹುಳು ಗಟ್ಟಿ ಮರವನ್ನು ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ತಿನ್ನುವುದನ್ನು ಕಂಡರು. ಆಗಿನ ಚೈನಿನ ಹಲ್ಲುಗಳು ಗರಗಸದ ಹಲ್ಲಿನ ಹಾಗೆ ಮರವನ್ನು ಗೀರುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು, ಅರ ಹಾಕುವುದೇ ಒಂದು ದೊಡ್ಡ ಕೆಲಸ. ಈ ಹುಳುವಿಗೆ ಎಡಕ್ಕೊಂದು ಬಲಕ್ಕೊಂದು ಬಾಗಿದ ದವಡೆ. ಅದನ್ನೇ ಉಕ್ಕಿನಲ್ಲಿ ಮಾಡಿದರೆ ಹೇಗೆ ಅಂತ ಯೋಚಿಸಿ, ಎಡ ಬಲ ಬಾಗಿದ ಹಲ್ಲಿನ ಚೈನು ಮಾಡಿದರು. 1947ರಲ್ಲಿ ಅದು ಮಾರಾಟಕ್ಕೆ ಬಂತು. ಇವತ್ತು ನಮ್ಮ ಜಗಲಿ ಮೇಲಿರುವ ಚೈನಿನ ಆಕಾರ ಹೆಚ್ಚೂಕಡಿಮೆ ಅದೇ. ಕಾಫಿ ಗಿಡಕ್ಕೂ ಮಾವಿನ ಮರಕ್ಕೂ ಕಾಂಡಕೊರಕ ಬಿದ್ದಾಗ ಹೊಟ್ಟೆ ಉರಿದುಕೊಂಡವರು ನಾವು, ಅಲ್ವಾ. ಅದೇ ಜಾತಿಯ ಒಂದು ಹುಳುವಿನಿಂದ ಈ ಉಪಕಾರವೂ ಆಗಿದೆ.

ಹುಳುವಿನ ಮಾತು ಸುಮ್ನೆ ತೆಗೆಯಲಿಲ್ಲ. ಹಲ್ಲು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಅರ ಹಾಕುವುದು ಅರ್ಥವಾಗುತ್ತದೆ. ಚೈನನ್ನು ಬೆಳಕಿಗೆ ಹಿಡಿದು ಒಂದೇ ಒಂದು ಹಲ್ಲು ನೋಡಿ. ಹಿಂದೆ ಒಂದು ಬಾಗಿದ ರೆಕ್ಕೆ, ಮುಂದೆ ಒಂದು ಗಿಡ್ಡ ಗೂಟ. ರೆಕ್ಕೆಯ ಮೂಲೆ ಮರದ ನಾರನ್ನು ಪಕ್ಕದಿಂದ ಕತ್ತರಿಸುತ್ತದೆ, ಮೇಲಿನ ಅಂಚು ಬಡಗಿಯ ಕೀಸುಳಿಯ ಹಾಗೆ ಅದನ್ನು ಎಬ್ಬಿಸಿ ಚಕ್ಕೆ ತೆಗೆಯುತ್ತದೆ. ಮುಂದಿನ ಗೂಟಕ್ಕೆ ರೇಕರ್ ಅನ್ನುತ್ತಾರೆ. ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತೀರ್ಮಾನ ಮಾಡುವುದು ಅದು. ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿನಲ್ಲಿ ಇರಬೇಕು.

ಈಗ ಅರದ ವಿಷಯ. 0.325 ಚೈನಿಗೆ 4.8 ಮಿಲಿಮೀಟರ್ ದುಂಡು ಅರ. ಸಣ್ಣ ಮಿಷನ್‌ನ 3/8 ಲೋ ಪ್ರೊಫೈಲ್ ಚೈನಿಗೆ 4 ಮಿಲಿಮೀಟರ್. ದೊಡ್ಡ 3/8 ಚೈನಿಗೆ ಕಂಪನಿ ನೋಡಿಕೊಂಡು 5.2 ಅಥವಾ 5.5. ತಪ್ಪು ಗಾತ್ರದ ಅರ ಹಾಕಿದರೆ ಹಲ್ಲಿನ ಹೊಟ್ಟೆ ತುಂಬಾ ಒಳಗೆ ಹೋಗುತ್ತದೆ, ಇಲ್ಲ ಅಂಚು ಮೊಂಡಾಗಿಯೇ ಉಳಿಯುತ್ತದೆ. ಅರವೂ ಸವೆಯುತ್ತದೆ ಅನ್ನುವುದನ್ನು ಮರೆಯಬೇಡಿ. ಜಾರುತ್ತಿದೆ ಅನಿಸಿದರೆ ಎಸೆದು ಹೊಸದು ತನ್ನಿ, ಅದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ನಾನು ಮಾಡುವುದು ಹೀಗೆ. ಅಂಗಳದಲ್ಲಿ ಒಂದು ಹಲಸಿನ ಕೊರಡು ಇದೆ, ಸೊಂಟದ ಎತ್ತರದ್ದು. ಅದರ ತಲೆಗೆ ಮಿಷನ್‌ನಲ್ಲೇ ಒಂದು ಗೀರು ಕೊಯ್ದಿದ್ದೇನೆ. ಬಾರನ್ನು ಅದರಲ್ಲಿ ಕೂರಿಸಿ ಪಕ್ಕಕ್ಕೆ ಸಣ್ಣ ಬೆಣೆ ಬಡಿದರೆ ವೈಸ್‌ನ ಕೆಲಸ ಆಗುತ್ತದೆ. ಪ್ಲಗ್ಗಿನ ಕ್ಯಾಪ್ ಕಿತ್ತಿಡುತ್ತೇನೆ, ಕೈಗವಸು ಹಾಕುತ್ತೇನೆ. ಚೈನನ್ನು ಸ್ವಲ್ಪ ಬಿಗಿ ಮಾಡಿ ಬ್ರೇಕ್ ಹಾಕುತ್ತೇನೆ, ಇಲ್ಲದಿದ್ದರೆ ಒತ್ತಿದಾಗೆಲ್ಲ ಓಡುತ್ತದೆ. ಮೊದಲು ಅತೀ ಗಿಡ್ಡವಾದ, ಜಾಸ್ತಿ ಪೆಟ್ಟು ತಿಂದ ಹಲ್ಲು ಹುಡುಕಿ ಅದಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತೇನೆ. ಅಲ್ಲಿಂದಲೇ ಶುರು, ಉಳಿದವೆಲ್ಲ ಅದರ ಉದ್ದಕ್ಕೆ ಬರಬೇಕು.

ಹಲ್ಲಿನ ನೆತ್ತಿಯ ಮೇಲೆ ಓರೆಯಾಗಿ ಒಂದು ಗೆರೆ ಇರುತ್ತದೆ, 30 ಡಿಗ್ರಿಯದ್ದು. ಅರ ಆ ಗೆರೆಗೆ ಸಮ ಹೋಗಬೇಕು. ಅರದ ಐದರಲ್ಲಿ ಒಂದು ಭಾಗ ಹಲ್ಲಿನ ನೆತ್ತಿಯ ಮೇಲೆ ಕಾಣಬೇಕು, ಉಳಿದದ್ದು ಹೊಟ್ಟೆಯೊಳಗೆ. ಒಳಗಿನಿಂದ ಹೊರಕ್ಕೆ ಒಂದೇ ತಳ್ಳು. ವಾಪಸ್ ಎಳೆಯುವಾಗ ಅರವನ್ನು ಎತ್ತಿ ತರಬೇಕು, ಉಜ್ಜಿಕೊಂಡು ಎಳೆದರೆ ಅರವೂ ಹಾಳು, ಅಂಚೂ ಹಾಳು. ಮೊಂಡು ಹಲ್ಲಿನ ಮೇಲೆ ಮೊದಲ ತಳ್ಳು ಕಿರ್ರ್ ಅಂತ ಒರಟಾಗಿ ಹೋಗುತ್ತದೆ. ಎರಡನೆಯದು, ಮೂರನೆಯದು ಆಗುತ್ತಿದ್ದ ಹಾಗೆ ಸದ್ದು ಸರ್ರ್ ಅಂತ ನುಣ್ಣಗಾಗುತ್ತದೆ, ಕೈಗೆ ಹಲ್ಲು ಅರವನ್ನು ಹಿಡಿದುಕೊಂಡು ಬಿಟ್ಟ ಹಾಗೆ ಅನಿಸುತ್ತದೆ. ಆಗ ನಿಲ್ಲಿಸಿ ಹಲ್ಲಿನ ಅಂಚನ್ನು ಬೆಳಕಿಗೆ ತಿರುಗಿಸಿ ನೋಡಿ. ಅಂಚಿನಲ್ಲಿ ಕೂದಲಿನಷ್ಟು ತೆಳ್ಳಗಿನ ಬಿಳಿ ಗೆರೆ ಮಿನುಗಿದರೆ ಇನ್ನೂ ಮೊಂಡು ಉಳಿದಿದೆ ಅಂತ ಅರ್ಥ. ಹರಿತವಾದ ಅಂಚಿನ ಮೇಲೆ ಬೆಳಕು ನಿಲ್ಲುವುದಿಲ್ಲ. ಈ ಬಿಳಿ ಗೆರೆಯನ್ನು ಗುರುತಿಸಲು ಬಂತು ಅಂದರೆ ಅರ ಹಾಕುವ ವಿದ್ಯೆ ಅರ್ಧಕ್ಕಿಂತ ಜಾಸ್ತಿ ಕೈಗೆ ಬಂದ ಹಾಗೆ.

ಒಂದು ಬದಿಯ ಹದಿನೆಂಟು ಹಲ್ಲು ಮುಗಿಸಿ, ಆಮೇಲೆ ಆಚೆ ಬದಿಗೆ ಹೋಗಿ ನಿಂತು ಉಳಿದ ಹದಿನೆಂಟು. ಬಲಗೈಯವರಿಗೆ ಒಂದು ಬದಿ ಸಲೀಸು, ಇನ್ನೊಂದು ಬದಿ ಕಷ್ಟ. ಗೊತ್ತಿಲ್ಲದೆ ಒಂದು ಬದಿಗೆ ಜೋರು ಬೀಳುತ್ತದೆ. ಹಾಗೆ ಎಡಬಲದ ಹಲ್ಲಿನ ಉದ್ದ ಹೆಚ್ಚುಕಡಿಮೆ ಆದರೆ ಕೊಯ್ತ ಒಂದು ಕಡೆ ವಾಲುತ್ತದೆ. ಎಣಿಸಿ ತಳ್ಳಿ: ಪ್ರತಿ ಹಲ್ಲಿಗೂ ಮೂರು ಅಂದರೆ ಮೂರೇ. ನಾನು ಎರಡು ಮೂರು ಸಲಕ್ಕೊಮ್ಮೆ ವರ್ನಿಯರ್ ಇಟ್ಟು ಎರಡೂ ಬದಿಯ ಹಲ್ಲಿನ ಉದ್ದ ನೋಡುತ್ತೇನೆ.

ರೇಕರನ್ನು ಪ್ರತಿ ಸಲ ಮುಟ್ಟಬೇಕಾಗಿಲ್ಲ. ಮೂರು ನಾಲ್ಕು ಸಲ ಅರ ಹಾಕಿದ ಮೇಲೆ ರೇಕರ್ ಎತ್ತರ ಅಳೆಯುವ ಪಟ್ಟಿ ಇಟ್ಟು, ಮೇಲೆ ಕಾಣುವಷ್ಟನ್ನು ಚಪ್ಪಟೆ ಅರದಲ್ಲಿ ಸವರಿ, ಮುಂದಿನ ಮೂಲೆ ದುಂಡು ಮಾಡಿದರೆ ಸಾಕು. ಹಲ್ಲು ಹರಿತ ಇದ್ದರೂ ಪುಡಿಯೇ ಬೀಳುತ್ತಿದೆ ಅಂದರೆ ರೇಕರ್ ಎತ್ತರ ಆಗಿರುತ್ತದೆ. ಆದರೆ ಜೋರು ಕೊಯ್ಯಲಿ ಅಂತ ಇದನ್ನು ಜಾಸ್ತಿ ತೆಗೆಯುವವರಿದ್ದಾರೆ. ದಯವಿಟ್ಟು ಬೇಡ. ಹಲ್ಲು ಒಂದೇ ಸಲಕ್ಕೆ ಜಾಸ್ತಿ ಕಚ್ಚುತ್ತದೆ, ಮಿಷನ್ ಕೈಯಲ್ಲಿ ಗುದ್ದುತ್ತದೆ, ಮೂತಿ ಎಲ್ಲಾದರೂ ತಾಗಿದರೆ ಮುಖಕ್ಕೆ ಎಗರುತ್ತದೆ. ಎಗರಿದ ಚೈನು ಏನು ಮಾಡುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಕರೆಂಟ್ ಮಿಷನ್‌ಗೆ ಕೊಟ್ಟು ಸಾಣೆ ಹಿಡಿಸಬಹುದಲ್ಲ ಅಂತ ಕೇಳುತ್ತೀರಿ. ಹಿಡಿಸಬಹುದು, ಮಾಡುವವರ ಕೈ ಹಗುರ ಇದ್ದರೆ. ಒಂದು ಸಲ ಕೊಟ್ಟಿದ್ದೆ. ವಾಪಸ್ ಬಂದಾಗ ಹಲ್ಲುಗಳ ತುದಿ ನೀಲಿಯಾಗಿತ್ತು. ಅಷ್ಟು ಬಿಸಿಯಾದರೆ ಉಕ್ಕಿನ ಹದ ಕೆಡುತ್ತದೆ. ಕೆಲವು ಹಲ್ಲು ಮೆತ್ತಗಾಗಿ ನಾಲ್ಕು ತುಂಡಿಗೇ ಮೊಂಡಾದವು, ಕೆಲವು ಅರ ಹಾಕಿದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತಿದ್ದವು. ಅದೂ ಅಲ್ಲದೆ ಅರದಲ್ಲಿ ನಾನು ಹತ್ತು ಸಲಕ್ಕೆ ತೆಗೆಯುವಷ್ಟು ಹಲ್ಲನ್ನು ಅವರು ಒಂದೇ ಸಲಕ್ಕೆ ತೆಗೆದಿದ್ದರು. ಕೈಯಿಂದ ಅರ ಹಾಕುವವರಿಗೆ ಒಂದು ಚೈನು ತುಂಬಾ ಕಾಲ ಬರುತ್ತದೆ. ಹಲ್ಲಿನ ಹಿಂಬದಿಯ ಗುರುತಿನ ಗೆರೆ ಮುಟ್ಟುವವರೆಗೆ, ಅಂದರೆ ನೆತ್ತಿ ಮೂರು ನಾಲ್ಕು ಮಿಲಿಮೀಟರ್ ಉಳಿಯುವವರೆಗೆ ಬಳಸಬಹುದು. ಅದರ ಮೇಲೆ ಬೇಡ, ಹಲ್ಲು ಮುರಿದು ಹಾರುತ್ತದೆ.

ಯಾವಾಗ ಅರ ಹಾಕಬೇಕು? ಕೊಯ್ಯುತ್ತಿರುವಾಗ ಕೆಳಗೆ ನೋಡಿ. ಅವಲಕ್ಕಿ ಹೋಗಿ ಹಿಟ್ಟು ಶುರುವಾಯಿತು ಅಂದರೆ ಅಲ್ಲೇ ನಿಲ್ಲಿಸಿ. ತುಂಬಾ ಒಣಗಿದ ಹಳೇ ಮರವಾದರೆ ಹರಿತ ಇದ್ದರೂ ಸ್ವಲ್ಪ ಪುಡಿ ಬೀಳುವುದು ಉಂಟು, ಆಗ ಕೈಯನ್ನು ಕೇಳಿ. ಮಿಷನ್ ಅನ್ನು ಒತ್ತಬೇಕು ಅನಿಸಿತು ಅಂದರೆ ಮೊಂಡಾಗಿದೆ, ಅಷ್ಟೇ. ನಾನು ಪೆಟ್ರೋಲ್ ತುಂಬಿಸುವಾಗಲೆಲ್ಲ ಪ್ರತಿ ಹಲ್ಲಿಗೆ ಎರಡು ತಳ್ಳು ಹಾಕಿಬಿಡುತ್ತೇನೆ. ಐದಾರು ನಿಮಿಷ. ಪೂರ್ತಿ ಮೊಂಡಾದ ಮೇಲೆ ಕೂತರೆ ಒಂದು ಗಂಟೆ, ಜೊತೆಗೆ ಅರ್ಧ ಹಲ್ಲೂ ಖಾಲಿ.

ಅದಕ್ಕಿಂತ ಮೊದಲಿನ ಮಾತು, ಮೊಂಡಾಗದ ಹಾಗೆ ನೋಡಿಕೊಳ್ಳುವುದು. ಚೈನಿಗೆ ಮರ ಶತ್ರು ಅಲ್ಲ, ಮಣ್ಣು ಶತ್ರು. ಚಿಕ್ಕಪ್ಪನ ದಿಮ್ಮಿ ನೆಲದ ಮೇಲಿತ್ತು ಅಂದೆನಲ್ಲ, ಕೊಯ್ತ ಮುಗಿಯುವ ಹೊತ್ತಿಗೆ ಚೈನು ಅರ್ಧ ಸೆಕೆಂಡ್ ನೆಲ ಮುಟ್ಟಿದರೂ ಮೂವತ್ತಾರು ಹಲ್ಲಿನ ಹರಿತವೂ ಹೋಯಿತು. ಒಂದೋ ದಿಮ್ಮಿ ಕೆಳಗೆ ಎರಡು ಅಡ್ಡ ತುಂಡು ಕೊಟ್ಟು ಎತ್ತರಿಸಿ. ಎತ್ತಲು ಆಗದಷ್ಟು ದಪ್ಪ ಇದ್ದರೆ, ಎಲ್ಲಾ ತುಂಡಿಗೂ ಮುಕ್ಕಾಲು ಭಾಗ ಕೊಯ್ದು ನಿಲ್ಲಿಸಿ, ಆಮೇಲೆ ದಿಮ್ಮಿ ಮಗುಚಿ ಉಳಿದ ಕಾಲು ಭಾಗ ಕೊಯ್ಯಿರಿ. ಸಣ್ಣ ಕೊಂಬೆಗಳಿಗೆ ನಾಲ್ಕು ಅಕೇಶಿಯಾ ಗಳುವನ್ನು ಕತ್ತರಿ ಕಾಲಿನ ಹಾಗೆ ಕಟ್ಟಿ ಸ್ಟ್ಯಾಂಡ್ ಮಾಡಿಕೊಂಡರೆ ಸೊಂಟಕ್ಕೂ ಸುಖ. ಸಿಪ್ಪೆಗೆ ಮೆತ್ತಿದ ಮಣ್ಣನ್ನು ಕತ್ತಿಯಲ್ಲಿ ಹೆರೆದು ಹಾಕಿ. ಗೆದ್ದಲು ಹತ್ತಿದ ಮರ ಬಂದರೆ ಹೊರಗೆ ಶುಚಿ ಕಂಡರೂ ಒಳಗೆ ಪೊಟರೆ ತುಂಬಾ ಮಣ್ಣಿರುತ್ತದೆ, ನನ್ನ ಎಷ್ಟೋ ಚೈನು ಅದಕ್ಕೇ ಹೋಗಿವೆ. ಅಂಥದ್ದನ್ನು ಕೊಡಲಿಗೆ ಬಿಡಿ. ಬೇಲಿ ಸಾಲಿನ ಮರ ಇನ್ನೂ ಅಪಾಯ. ಹಿಂದೆ ಯಾವಾಗಲೋ ಹೊಡೆದ ಮೊಳೆ, ಮುಳ್ಳು ತಂತಿಯನ್ನು ಮರ ನುಂಗಿ ಮೇಲೆ ಸಿಪ್ಪೆ ಬೆಳೆಸಿಕೊಂಡಿರುತ್ತದೆ. ಬುಡದಿಂದ ನಾಲ್ಕೈದು ಅಡಿವರೆಗೆ ಹಳೇ ಚೈನು ಹಾಕಿಯೇ ಕೊಯ್ಯುತ್ತೇನೆ. ತೆಂಗಿನ ಮರದ ಹೊರಮೈಗೂ ಅದೇ ಹಳೇ ಚೈನು, ಅದರ ನಾರು ಬಹಳ ಗಟ್ಟಿ.

ಹಾಗೆಯೇ, ಸ್ವಂತ ಜಾಗದ ಮರ ಆದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಹಲವು ಜಾತಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಿಷನ್ ಕೈಯಲ್ಲಿದೆ ಅಂತ ಕೊಯ್ದು ಹಾಕಬೇಡಿ, ಕೇಳಿಕೊಂಡು ಮುಂದುವರಿಯಿರಿ.

ಈಗ ಎಣ್ಣೆ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ಚೈನಿಗೆ ಹಾಕುವುದು ಬೈಕು, ಜೀಪಿನಿಂದ ಇಳಿಸಿದ ಕರೀ ಎಣ್ಣೆ. ಪುಕ್ಕಟೆ ಸಿಗುತ್ತದೆ. ನಾನೂ ಐದು ವರ್ಷ ಅದನ್ನೇ ಹಾಕಿದೆ. ಬಿಟ್ಟಿದ್ದು ಯಾಕೆ ಅಂದರೆ, ಒಂದು ದಿನ ಬಾವಿ ಕಟ್ಟೆ ಹತ್ತಿರ ಸೌದೆ ಕೊಯ್ದು ಮುಗಿಸಿ ನೋಡುವಾಗ ಬಿದ್ದ ಪುಡಿಯೆಲ್ಲ ಕಪ್ಪು ಚುಕ್ಕೆ ಚುಕ್ಕೆಯಾಗಿ ಎಣ್ಣೆ ಕುಡಿದಿತ್ತು. ಆ ಪುಡಿಯನ್ನು ನಾವು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಕುತ್ತೇವೆ, ಅಲ್ಲಿಂದ ಗೊಬ್ಬರ ಗುಂಡಿಗೆ, ಅಲ್ಲಿಂದ ಅಡಿಕೆ ಬುಡಕ್ಕೆ. ಚೈನಿಗೆ ಹಾಕಿದ ಎಣ್ಣೆ ಇಂಜಿನ್ ಆಯಿಲ್ ಹಾಗೆ ಒಳಗೆ ಉಳಿಯುವುದಿಲ್ಲ. ಟ್ಯಾಂಕಿಗೆ ಎಷ್ಟು ಹಾಕಿದೆವೋ ಅಷ್ಟೂ ಹೊರಗೆ ಚಿಮ್ಮಿ ನೆಲಕ್ಕೆ, ಸೌದೆಗೆ, ನಮ್ಮ ಅಂಗಿಗೆ ಬೀಳುತ್ತದೆ. ಕರೀ ಎಣ್ಣೆಯಲ್ಲಿ ಇಂಜಿನ್ ಸವೆದ ಲೋಹದ ಪುಡಿ ಇರುತ್ತದೆ, ಸುಟ್ಟ ಮಸಿ ಇರುತ್ತದೆ, ಚರ್ಮಕ್ಕೆ ದಿನವೂ ತಾಗಿದರೆ ಕ್ಯಾನ್ಸರ್ ತರಬಲ್ಲ ವಸ್ತುಗಳಿರುತ್ತವೆ. ಮಿಷನ್‌ಗೂ ಅದು ಒಳ್ಳೆಯದಲ್ಲ, ಸಣ್ಣ ಆಯಿಲ್ ಪಂಪ್ ಆ ಪುಡಿಯಿಂದಲೇ ಸವೆಯುತ್ತದೆ. ಲೀಟರಿಗೆ ಕೆಲವು ನೂರು ರೂಪಾಯಿ ಉಳಿಸಲು ಬಾವಿ ನೀರು, ಗೊಬ್ಬರ, ಮೈ ಚರ್ಮ ಮೂರನ್ನೂ ಕೆಡಿಸಿಕೊಳ್ಳುವುದು ಬೇಡ.

ಬಾರ್ ಆಯಿಲ್ ಅಂತಲೇ ಸಿಗುವುದರಲ್ಲಿ ಒಂದು ಗುಣ ಇದೆ, ಅದಕ್ಕೆ ಅಂಟು ಬೆರೆಸಿರುತ್ತಾರೆ. ಬೆರಳಿಗೆ ಹಚ್ಚಿಕೊಂಡು ಎರಡು ಬೆರಳು ಬಿಡಿಸಿದರೆ ಹಲಸಿನ ಮೇಣದ ಹಾಗೆ ಸಣ್ಣಗೆ ನೂಲು ಏಳುತ್ತದೆ. ಬಾರಿನ ಮೂತಿ ಸುತ್ತುವಾಗ ಚೈನಿನಿಂದ ಹಾರಿಹೋಗದೆ ಕೂತುಕೊಳ್ಳುವುದು ಈ ಅಂಟಿನಿಂದ. ಹಳ್ಳಿ ಪೇಟೆಯಲ್ಲಿ ಇದು ಸಿಗಲಿಲ್ಲ ಅಂದರೆ ಹೊಸ 30 ನಂಬರ್ ಇಂಜಿನ್ ಆಯಿಲ್ ಹಾಕಿ ಆ ದಿನದ ಕೆಲಸ ಮುಗಿಸಬಹುದು. ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಬೇರೆ ತೊಂದರೆ ಇಲ್ಲ.

ಅಡುಗೆ ಎಣ್ಣೆ ಆಗುತ್ತದಾ ಅಂತ ಕೇಳುವವರು ಬಹಳ. ಆಗುತ್ತದೆ. ಯುರೋಪಿನಲ್ಲಿ ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆಯಿಂದಲೇ ಚೈನ್ ಆಯಿಲ್ ಮಾಡಿ ಮಾರುತ್ತಾರೆ. ನಾನು ಎರಡನ್ನು ಮಾಡಿ ನೋಡಿದ್ದೇನೆ. ತೆಂಗಿನ ಎಣ್ಣೆ ಬೇಸಿಗೆಯಲ್ಲಿ ಚೆನ್ನಾಗಿಯೇ ಹರಿಯಿತು, ಆದರೆ ಅದು 24 ಡಿಗ್ರಿ ಆಸುಪಾಸಿಗೆ ಗಟ್ಟಿಯಾಗುವ ಎಣ್ಣೆ, ಡಿಸೆಂಬರ್ ಬೆಳಿಗ್ಗೆ ಟ್ಯಾಂಕಿನೊಳಗೆ ಬೆಣ್ಣೆಯಾಗಿ ಕೂತಿತ್ತು. ಸೂರ್ಯಕಾಂತಿ ಎಣ್ಣೆ ಚಳಿಯಲ್ಲೂ ಹರಿಯಿತು, ವಾಸನೆಯೂ ಹಿತ. ಅದನ್ನು ಹಾಗೇ ಬಿಟ್ಟು ಮಳೆಗಾಲ ನಾಲ್ಕು ತಿಂಗಳು ಮಿಷನ್ ಮುಚ್ಚಿಟ್ಟೆ. ತೆಗೆದು ನೋಡಿದರೆ ಹಳೇ ಬಾಣಲೆಯ ಅಂಚಿಗೆ ಕಟ್ಟುವ ಜಿಡ್ಡಿನಂತೆ ಗಟ್ಟಿಯಾಗಿ ಚೈನಿನ ಒಂದೊಂದು ಕೀಲೂ ಹಿಡಿದುಕೊಂಡಿತ್ತು. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಬೇಕಾಯಿತು. ವಾರಕ್ಕೊಮ್ಮೆ ಬಳಸುವವರಿಗೆ ಅಡುಗೆ ಎಣ್ಣೆ ಒಳ್ಳೆಯ ದಾರಿಯೇ. ಮುಚ್ಚಿಡುವ ಮೊದಲು ಒಂದು ಟ್ಯಾಂಕ್ ಬಾರ್ ಆಯಿಲ್ ಓಡಿಸಿ ತೊಳೆದು ಇಡಿ, ಅಷ್ಟೇ.

ಎಣ್ಣೆ ಟ್ಯಾಂಕಿನಲ್ಲಿದೆ ಅಂದ ಮಾತ್ರಕ್ಕೆ ಚೈನಿಗೆ ಬರುತ್ತಿದೆ ಅಂತ ಅಲ್ಲ. ಒಂದು ಅಡಿಕೆ ಹಾಳೆ ನೆಲಕ್ಕೆ ಹಾಸಿ, ಬಾರಿನ ಮೂತಿಯನ್ನು ಅದರಿಂದ ಒಂದು ಗೇಣು ಮೇಲೆ ಹಿಡಿದು ರೇಸ್ ಮಾಡಿ. ಕೆಲವೇ ಸೆಕೆಂಡಿನಲ್ಲಿ ಹಾಳೆ ಮೇಲೆ ಎಣ್ಣೆಯ ಸಣ್ಣ ಗೆರೆ ಬೀಳಬೇಕು. ಬೀಳಲಿಲ್ಲ ಅಂದರೆ ಬಾರ್ ಬಿಚ್ಚಿ. ಬಾರಿನ ಬುಡದಲ್ಲಿ ಒಂದು ಸಣ್ಣ ಎಣ್ಣೆ ತೂತು ಇದೆ, ಹತ್ತರಲ್ಲಿ ಎಂಟು ಸಲ ಅದು ಪುಡಿ ತುಂಬಿ ಕಟ್ಟಿರುತ್ತದೆ. ಹಿಡಿಕಡ್ಡಿ ಚುಚ್ಚಿದರೆ ಬಿಡುತ್ತದೆ. ಕಾಲುವೆಯ ಕೆಸರನ್ನು ಹಳೇ ಹ್ಯಾಕ್ಸಾ ಬ್ಲೇಡಿನಿಂದ ಕೆರೆದು ತೆಗೆಯಿರಿ. ಬಿಚ್ಚಿದ್ದು ಬಿಚ್ಚಿಯೇ ಆಯಿತಲ್ಲ, ಬಾರನ್ನು ಮಗುಚಿ ಹಾಕಿ, ಎರಡೂ ಅಂಚು ಸಮ ಸವೆಯುತ್ತದೆ. ಅಂಚಿಗೆ ಎದ್ದ ಸಿಬಿರನ್ನು ಚಪ್ಪಟೆ ಅರದಲ್ಲಿ ಸವರಿ. ಪೆಟ್ರೋಲ್ ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಎಣ್ಣೆ ಟ್ಯಾಂಕೂ ಖಾಲಿಯಾಗುತ್ತಾ ಬಂದಿರಬೇಕು. ಎಣ್ಣೆ ಹಾಗೇ ಉಳಿದಿದ್ದರೆ ಎಲ್ಲೋ ಕಟ್ಟಿದೆ ಅಂತ ಗೊತ್ತು ಮಾಡಿಕೊಳ್ಳಿ.

ಬಿಗಿಯ ಬಗ್ಗೆ ಒಂದೆರಡು ಮಾತು. ಬಾರಿನ ಮೂತಿಯನ್ನು ಮೇಲಕ್ಕೆತ್ತಿ ಹಿಡಿದುಕೊಂಡೇ ನಟ್ ಟೈಟ್ ಮಾಡಿ. ಚೈನು ಬಾರಿನ ಹೊಟ್ಟೆಗೆ ತಾಗಿಕೊಂಡಿರಬೇಕು, ಆದರೆ ಕೈಯಿಂದ ಎಳೆದರೆ ಸಲೀಸಾಗಿ ಸುತ್ತಬೇಕು. ಹೊಸ ಚೈನು ಮೊದಲ ಅರ್ಧ ಗಂಟೆಯಲ್ಲೇ ಸಡಿಲ ಆಗುತ್ತದೆ. ನಾನು ಹೊಸದನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಸಣ್ಣ ಕೊಂಬೆಗಳಿಂದ ಶುರು ಮಾಡಿ, ಮಧ್ಯೆ ಎರಡು ಸಲ ಬಿಗಿ ನೋಡುತ್ತೇನೆ. ಬಿಸಿಯಲ್ಲಿ ಉದ್ದವಾದ ಚೈನನ್ನು ಬಿಗಿ ಮಾಡಿದ್ದರೆ ಕೆಲಸ ಮುಗಿದ ಕೂಡಲೇ ಸಡಿಲಿಸಿ. ತಣ್ಣಗಾದಾಗ ಅದು ಕುಗ್ಗಿ ಬಾರನ್ನೂ ಇಂಜಿನ್‌ನ ಬೇರಿಂಗನ್ನೂ ಜಗ್ಗುತ್ತದೆ.

ನನ್ನ ಹತ್ತಿರ ಈಗ ಮೂರು ಚೈನು. ಒಂದು ಹೊಸದು, ಒಂದು ಅರ್ಧ ಸವೆದದ್ದು, ಒಂದು ಬೇಲಿ ಮರಕ್ಕೆ ಇಟ್ಟ ಹಳೆಯದು. ಮಳೆ ಹಿಡಿದ ಮೇಲೆ ಮೂರನ್ನೂ ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒರೆಸಿ, ಬಾರ್ ಆಯಿಲ್‌ನಲ್ಲಿ ಹೊರಳಿಸಿ, ಮುಚ್ಚಳ ಇರುವ ಡಬ್ಬಿಗೆ ಹಾಕಿ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಇಡೀ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ಕಳೆದ ಮೂರು ವರ್ಷದಿಂದ ಒಂದು ಹಲ್ಲಿಗೂ ತುಕ್ಕು ಹಿಡಿದಿಲ್ಲ.

ಚಿಕ್ಕಪ್ಪನಿಗೆ ಒಂದು 4.8ರ ಅರ ತಂದುಕೊಟ್ಟಿದ್ದೇನೆ. ನಿನ್ನೆ ಸಂಜೆ ಅವರ ಮನೆ ಕಡೆಯಿಂದ ಸರ್ರ್, ಸರ್ರ್ ಅಂತ ಕೇಳುತ್ತಿತ್ತು. ಮೂರು ತಳ್ಳು, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಮೂರು.